ಹಳೇ ಸಿನಿಮಾ ಬೋರಾ, ಇಲ್ಲಾ ನಮಗೆ ಹಾಕೋಕೆ ಬರಲ್ವಾ?

ಶೆಟ್ಟಿಹಳ್ಳಿ ಗೇಟ್
ತುಮಕೂರಲ್ಲಿ ಬಡಾವಣೆ ಸಂಘದ ಹಾಲಲ್ಲಿ ತಿಂಗಳಿಗೊಂದು ಶನಿವಾರ ಹಳೇ ಕನ್ನಡ ಸಿನಿಮಾ ಹಾಕೋದು ಅಂತ ಆಗಿದೆ. ಪ್ರಯೋಗಕ್ಕೆ ಐವತ್ತರ ದಶಕದ ಪೌರಾಣಿಕ ಒಂದನ್ನ ಹಾಕಿದ್ದಾಯ್ತು. ಬಂದ ದೂರುಗಳು: ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣ್ತಾರೆ. ಹೀರೋ ದನಿ ಕೀರಲು. ತುಟಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ. ರಾತ್ರಿ ಸೀನು ಅಂತಾರೆ, ನಡುಹಗಲಲ್ಲಿ ದೀವಟಿಗೆ ಹಿಡ್ಕೊಂಡು ಓಡಾಡ್ತಾರೆ. ಕೊನೇದು, ಯಾರೂ ಮಾತಾಡಲ್ಲ, ಬರೀ ಕಿರಚ್ತಾರೆ. ಹುಡುಗರು ಅರ್ಧ ಗಂಟೆಗೇ ಎದ್ದರು. ಹಿರಿಯರೂ "ಆಗಿನ ಕಾಲದ್ದು ಹಂಗೇ ಬಿಡಪ್ಪ" ಅಂದ್ಬಿಟ್ರು.

ಇರೋ ಸಾಮಾನು: ಲ್ಯಾಪ್‌ಟಾಪ್, 500 ಆನ್ಸಿ ಲುಮೆನ್ (ಬೆಳಕಿನ ಅಳತೆ) ಪ್ರೊಜೆಕ್ಟರ್, ಬ್ಲೂಟೂತ್ ಸ್ಪೀಕರ್, 8 ಅಡಿ ಅಗಲದ ಬೆಡ್‌ಶೀಟ್. ಸಿನಿಮಾ ಹಳೇ ವಿಸಿಡಿದು. ತಪ್ಪು ಸಿನಿಮಾದ್ದೋ ನಮ್ಮದೋ?

ಬೈಪಾಸ್ ಬಸ್ಯ
ಸಿನಿಮಾದ್ದೇ. ಕಾಲ ಮುಗೀತು, ಬಿಡಿ ಗುರು.

ಅಂತರಗಂಗೆ ಮೆಟ್ಟಿಲು
ಐದು ದೂರಲ್ಲಿ ನಾಲ್ಕು ನಿಮ್ಮ ಸಾಮಾನಿಂದು. ಕಿರಚೋದು ಮಾತ್ರ ಸಿನಿಮಾದ್ದು, ಅದಕ್ಕೂ ಕಾರಣ ಇದೆ.

ಮೊದಲು ದಪ್ಪಗೆ ಕಾಣೋ ವಿಷಯ. ಆ ಕಾಲದ ಚೌಕಟ್ಟು ಎತ್ತರ 1 ಇದ್ರೆ ಅಗಲ 1.37. ವಿಸಿಡಿಯಲ್ಲಿ ಅದು 4:3, ಅಂದ್ರೆ ಅಗಲ 4, ಎತ್ತರ 3. ನಿಮ್ಮ ಪ್ರೊಜೆಕ್ಟರು 16:9. ಪೂರ್ತಿ ಪರದೆ ತುಂಬಲಿ ಅಂತ ಯಾರೋ ಎಳೆದಿದ್ದಾರೆ. 4:3 ಚಿತ್ರವನ್ನ 16:9ಗೆ ಎಳೆದರೆ ಅಗಲ ಮೂರನೇ ಒಂದು ಭಾಗ ಜಾಸ್ತಿ ಆಗುತ್ತೆ. ತೆಳ್ಳಗಿರೋ ನಟನೂ ಪೈಲ್ವಾನ್ ಆಗ್ತಾನೆ. ಸಿನಿಮಾ ಹಾಕೋ ವಿಎಲ್‌ಸಿ ಪ್ಲೇಯರಲ್ಲಿ ಎ ಕೀ ಒತ್ತುತ್ತಾ ಹೋಗಿ, 4:3 ಬಂದಾಗ ನಿಲ್ಲಿಸಿ. ಪ್ರೊಜೆಕ್ಟರ್ ಮೆನುವಲ್ಲಿ ಆಸ್ಪೆಕ್ಟ್ 'ಆಟೋ' ಇಲ್ಲಾ 'ಒರಿಜಿನಲ್' ಇರಬೇಕು. ಎರಡು ಕಡೆ ಎಳೆತ ಇದ್ದು ಒಂದನ್ನ ಮಾತ್ರ ಸರಿ ಮಾಡಿದ್ರೆ ಪೂರ್ತಿ ಸರಿಹೋಗಲ್ಲ, ಅಲ್ಲೇ ಜನ ತಲೆ ಕೆಡಿಸ್ಕೊಳ್ಳೋದು.

ಸರಿ ಆಯ್ತೋ ಇಲ್ವೋ ನೋಡೋಕೆ ಚಕ್ರ, ಚಂದ್ರ, ತಟ್ಟೆ ಯಾವುದಾದ್ರೂ ದುಂಡಗಿನ ವಸ್ತು ಬಂದಾಗ ನಿಲ್ಲಿಸಿ ಅಳತೆಪಟ್ಟಿ ಇಡಿ. ಪೌರಾಣಿಕದಲ್ಲಿ ಸುದರ್ಶನ ಚಕ್ರಕ್ಕೇನು ಬರ.

ಚಿಂತಾಮಣಿ ಟೊಮೇಟೊ
ಝೂಮ್ ಮಾಡಿದ್ರೆ ಆಯ್ತಲ್ಲ? ದಪ್ಪಾನೂ ಆಗಲ್ಲ, ಪಕ್ಕದಲ್ಲಿ ಕಪ್ಪು ಪಟ್ಟೀನೂ ಇರಲ್ಲ.

ಅಂತರಗಂಗೆ ಮೆಟ್ಟಿಲು
ಝೂಮ್ ಮಾಡಿದ್ರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತೆ ಸಾರ್. ಮೇಲೆ ಕಿರೀಟ, ಕೆಳಗೆ ಗೆಜ್ಜೆ. ನೃತ್ಯದ ಸೀನಲ್ಲಿ ಪಾದ ಕಾಣದಿದ್ರೆ ಇನ್ನೇನು ನೋಡೋದು? ಹಳೇ ಚಿತ್ರಗಳನ್ನ ಸಿನಿಮಾಸ್ಕೋಪ್ (ಅಗಲ ಪರದೆ) ಮಾಡಿ ಮರುಬಿಡುಗಡೆ ಮಾಡ್ತಾರಲ್ಲ, ಅಲ್ಲೂ ಇದೇ ಗೋಳು. 1.37ರ ಚೌಕಟ್ಟಿಂದ 2.35 ಕತ್ತರಿಸಿದ್ರೆ ಎತ್ತರದಲ್ಲಿ ಉಳಿಯೋದು ನೂರಕ್ಕೆ 58.

ಮಧುಗಿರಿ ಏಕಶಿಲೆ
ಉಲ್ಟಾ ಕೇಸೂ ಉಂಟು. ಕನ್ನಡದ ಮೊದಲ ಸಿನಿಮಾಸ್ಕೋಪ್ 1977ರ 'ಸೊಸೆ ತಂದ ಸೌಭಾಗ್ಯ'. ಅಲ್ಲಿಂದ ಈಚಿನ ಸ್ಕೋಪ್ ಚಿತ್ರಗಳನ್ನ ಟೀವಿಗೆ 4:3 ಮಾಡಿದಾಗ ಎರಡೂ ಪಕ್ಕ ಹಾರಿಸಿದ್ದಾರೆ. ಇಬ್ಬರು ಮಾತಾಡ್ತಿದ್ರೆ ಒಬ್ಬರ ಮೂಗು, ಇನ್ನೊಬ್ಬರ ಮೂಗು, ನಡುವೆ ಹೂದಾನಿ. ಅದನ್ನ ಯಾವ ಬಟನ್ನೂ ವಾಪಸ್ ತರಲ್ಲ. ಆದ್ರೆ ಎಲ್ಲರೂ ಅಗರಬತ್ತಿ ಥರ ಸಣ್ಣಗೆ ಉದ್ದಕ್ಕೆ ಕಂಡ್ರೆ ಖುಷಿಪಡಿ. ಪಕ್ಕಗಳು ಹೋಗಿಲ್ಲ, ಬರೀ ಹಿಂಡಿದ್ದಾರೆ ಅಂತ ಅರ್ಥ. 2.35:1 ಆರಿಸಿದ್ರೆ ಬಿಚ್ಕೊಳ್ಳುತ್ತೆ.

ಬೈಪಾಸ್ ಬಸ್ಯ
ಹೂದಾನಿ 😂

ಶ್ರುತಿಪೆಟ್ಟಿಗೆ
ಕೀರಲು ದನಿ ಬಗ್ಗೆ ನಾನು ಹೇಳ್ತೀನಿ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮು. ನಮ್ಮ ಟೀವಿ ಪದ್ಧತಿ ಪಾಲ್, ಅಂದ್ರೆ 25. ಸುಲಭದ ದಾರಿ ಅಂತ 24ನ್ನೇ 25ರಲ್ಲಿ ಓಡಿಸಿಬಿಡ್ತಾರೆ. 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತೆ, ದನಿ ಮೇಲಕ್ಕೆ ಹೋಗುತ್ತೆ. ಎಷ್ಟು? ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ, ಅಂದ್ರೆ ಪಕ್ಕದ ಕೀಗೆ, ಹೋಗೋ ದಾರೀಲಿ ಮುಕ್ಕಾಲು ಭಾಗದ ಹತ್ತಿರ. ಹಾಡಿಗೆ ಶ್ರುತಿ ಹಿಡಿಯೋಕೆ ಹೋದ್ರೆ ಯಾವ ಮನೇಲೂ ಕೂರಲ್ಲ, ಎರಡರ ಮಧ್ಯೆ ತೂಗಾಡುತ್ತೆ.

ಸರಿ ಮಾಡೋಕೆ ವೇಗ 0.96. ಆದ್ರೆ ಅಷ್ಟು ಮಾಡಿ ಸುಮ್ಮನಾದ್ರೆ ದನಿ ಇಳಿಯಲ್ಲ. ವೇಗ ಬದಲಾದ್ರೂ ಶ್ರುತಿ ಬದಲಾಗದ ಹಾಗೆ ವಿಎಲ್‌ಸಿ ಹಿಡ್ಕೊಳ್ಳುತ್ತೆ. ಪ್ರಿಫರೆನ್ಸಸ್‌ನಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ 'ಟೈಮ್ ಸ್ಟ್ರೆಚಿಂಗ್' ಮುಂದಿನ ಟಿಕ್ ತೆಗೀರಿ, ಮುಚ್ಚಿ ಮತ್ತೆ ತೆಗೀರಿ. ಆಗ ವೇಗದ ಜೊತೆ ದನೀನೂ ಕೆಳಗಿಳಿಯುತ್ತೆ, ಗಂಡಸಿನ ಎದೆ ದನಿ ಎದೆಗೇ ಬರುತ್ತೆ.

ಚಿಂತಾಮಣಿ ಟೊಮೇಟೊ
ಎಲ್ಲ ಫೈಲೂ ಹಿಂಗೇ ವೇಗ ಆಗಿರುತ್ತೆ ಅಂತ ಹೆಂಗೆ ಹೇಳ್ತೀರಾ? ಸರಿ ಇರೋದನ್ನೂ ನಿಧಾನ ಮಾಡಿದ್ರೆ ಎಲ್ಲರೂ ನಿದ್ದೆಗಣ್ಣಲ್ಲಿ ಮಾತಾಡಿದಂಗೆ ಇರುತ್ತೆ.

ರೀಲು ಡಬ್ಬಿ
ಒಳ್ಳೇ ಪ್ರಶ್ನೆ. ಉತ್ತರ ಸಿನಿಮಾದ ಮೊದಲ ಹತ್ತು ಸೆಕೆಂಡಲ್ಲೇ ಇದೆ, ಯಾರೂ ಓದಲ್ಲ. ಸೆನ್ಸಾರ್ ಪ್ರಮಾಣಪತ್ರ. ಅದರಲ್ಲಿ ಚಿತ್ರದ ಉದ್ದ, ರೀಲುಗಳ ಲೆಕ್ಕ ಬರೆದಿರುತ್ತೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತೆ, ಮೀಟರಲ್ಲಿ 27.43. ಉದ್ದ ಅಡಿಯಲ್ಲಿದ್ರೆ 90ರಿಂದ ಭಾಗಿಸಿ, ಮೀಟರಲ್ಲಿದ್ರೆ 27.43ರಿಂದ. 4,115 ಮೀಟರ್ ಅಂತಿದ್ರೆ ಸರಿಯಾಗಿ 150 ನಿಮಿಷ.

ಫೈಲು 144 ನಿಮಿಷ ಇದ್ರೆ ವೇಗ ಮಾಡಿದ್ದಾರೆ, ಶ್ರುತಿಪೆಟ್ಟಿಗೆಯವರು ಹೇಳಿದ್ದು ಮಾಡಿ. 150 ಇದ್ರೆ ಮುಟ್ಟಬೇಡಿ. 128 ಇದ್ರೆ ಕತ್ತರಿ ಆಡಿದೆ, ಒಂದೆರಡು ಹಾಡೋ ಹಾಸ್ಯದ ಟ್ರ್ಯಾಕೋ ಹೋಗಿದೆ. "ಕಥೆ ತಲೆಬುಡ ಅರ್ಥ ಆಗಲಿಲ್ಲ" ಅಂತ ಹಳೇ ಸಿನಿಮಾ ಬೈಯೋರು ಬೈಯೋ ಮುಂಚೆ ಈ ಭಾಗಾಕಾರ ಒಂದು ಮಾಡಬೇಕು ಅಂತ ನನ್ನ ಕೋರಿಕೆ. ಎಷ್ಟೋ ಸಲ ನೋಡಿರೋದೇ ಮುಕ್ಕಾಲು ಸಿನಿಮಾ.

ಶೆಟ್ಟಿಹಳ್ಳಿ ಗೇಟ್
ಈಗ ನೋಡಿದೆ. ಪ್ರಮಾಣಪತ್ರದ ಪ್ರಕಾರ 158 ಬರಬೇಕು. ನಮ್ಮ ಫೈಲು 139.

ರೀಲು ಡಬ್ಬಿ
158ನ್ನ 25ರಲ್ಲಿ ಓಡಿಸಿದ್ರೆ 152ರ ಹತ್ತಿರ. ನಿಮ್ಮದರಲ್ಲಿ ಅದಕ್ಕಿಂತ 13 ನಿಮಿಷ ಕಮ್ಮಿ. ಒಂದು ಸಾವಿರ ಅಡಿ ರೀಲು ಅಂದ್ರೆ 11 ನಿಮಿಷ. ವೇಗಾನೂ ಮಾಡಿ, ರೀಲಿಗಿಂತ ಜಾಸ್ತೀನೇ ಎತ್ತಿದ್ದಾರೆ. ಬೇರೆ ಪ್ರತಿ ಹುಡುಕಿ.

ಬೈಪಾಸ್ ಬಸ್ಯ
ಬಲಗಡೆ ಮೇಲೆ ಮೂಲೇಲಿ ಆಗಾಗ ಚುಕ್ಕೆ ಬಂದು ಹೋಗುತ್ತಲ್ಲ, ಅದೂ ಫೈಲ್ ಕೆಟ್ಟಿರೋದಾ?

ರೀಲು ಡಬ್ಬಿ
ಅಲ್ಲ ಮಾರಾಯ, ಅದು ಆಪರೇಟರಿಗೆ ಕೊಡೋ ಸನ್ನೆ. ರೀಲು ಮುಗಿಯೋಕೆ ಎಂಟು ಸೆಕೆಂಡ್ ಇರುವಾಗ ಮೊದಲ ಚುಕ್ಕೆ, ಎರಡನೇ ಪ್ರೊಜೆಕ್ಟರಿನ ಮೋಟಾರ್ ಹಾಕು ಅಂತ. ಒಂದು ಸೆಕೆಂಡ್ ಇರುವಾಗ ಎರಡನೇದು, ಬದಲಾಯಿಸು ಅಂತ. ಒಂದೊಂದು ಚುಕ್ಕೆ ನಾಲ್ಕೇ ಫ್ರೇಮು, ಸೆಕೆಂಡಿನ ಆರನೇ ಒಂದು ಭಾಗ. ರೀಲಿನ ತುದೀನೇ ಹೆಚ್ಚು ಸವೆಯೋದು, ಹರಿದಾಗ ನಾಲ್ಕಾರು ಫ್ರೇಮ್ ಕತ್ತರಿಸಿ ಅಂಟಿಸ್ತಿದ್ರು. ಅದಕ್ಕೇ ಚುಕ್ಕೆ ಬಂದ ಜಾಗದಲ್ಲಿ ಮಾತು ಅರ್ಧಕ್ಕೇ ನುಂಗಿದಂಗೆ ಆಗೋದು.

ಕ್ಯಾತ್ಸಂದ್ರ ತಟ್ಟೆ
ಅರ್ಧಕ್ಕೇ ನುಂಗಿದ್ದು ಅಂದ ತಕ್ಷಣ ತಟ್ಟೆ ಇಡ್ಲಿ ನೆನಪಾಯ್ತು. ಶನಿವಾರ ಇಂಟರ್‌ವಲ್‌ಗೆ ಏನು ವ್ಯವಸ್ಥೆ?

ಮಧುಗಿರಿ ಏಕಶಿಲೆ
ಇವರೊಬ್ಬರು.

ನಂದಿ ತಪ್ಪಲು
ಹಗಲಲ್ಲಿ ದೀವಟಿಗೆ: ರಾತ್ರಿ ಹೊರಾಂಗಣದಲ್ಲಿ ಕಾಡು ಬೆಳಗಿಸೋಷ್ಟು ದೀಪ, ಜನರೇಟರ್ ಹೊರೋಕೆ ಆಗ್ತಿರಲಿಲ್ಲ, ಫಿಲ್ಮ್‌ಗೆ ಬೆಳಕಿನ ಹಸಿವೂ ಜಾಸ್ತಿ. ಅದಕ್ಕೆ ಬಿಸಿಲಲ್ಲೇ ತೆಗೆದು, ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ ಆಕಾಶ ಕಪ್ಪಾಗಿಸಿ, ಎಕ್ಸ್‌ಪೋಷರ್ ಇಳಿಸಿ, ಪ್ರಿಂಟ್ ಹಾಕುವಾಗ ಇನ್ನೂ ಕಪ್ಪು ಮಾಡ್ತಿದ್ರು. ಥಿಯೇಟರಲ್ಲಿ ಬೆಳದಿಂಗಳು. ವಿಸಿಡಿ ಮಾಡೋನು "ಏನೂ ಕಾಣ್ತಿಲ್ಲ" ಅಂತ ಬ್ರೈಟ್‌ನೆಸ್ ಏರಿಸಿದ, ಬೆಳದಿಂಗಳು ಹೋಗಿ ಮಟಮಟ ಮಧ್ಯಾಹ್ನ.

ಇನ್ನೊಂದು ಕಾರಣ ಕೇಬಲ್ಲು. ವಿಡಿಯೋದಲ್ಲಿ ಕಪ್ಪು ಅಂದ್ರೆ 16, ಬಿಳಿ ಅಂದ್ರೆ 235. ಲ್ಯಾಪ್‌ಟಾಪ್ ಆ ಲೆಕ್ಕದಲ್ಲಿ ಕಳಿಸಿ, ಪ್ರೊಜೆಕ್ಟರ್ 0ಯಿಂದ 255 ಅಂತ ಓದಿದ್ರೆ ಕಪ್ಪೆಲ್ಲ ಬೂದಿ. ಎಚ್‌ಡಿಎಂಐ ರೇಂಜ್ ಎರಡೂ ಕಡೆ ಒಂದೇ ಇರಲಿ: ಇಲ್ಲಾ ಎರಡೂ ಫುಲ್, ಇಲ್ಲಾ ಎರಡೂ ಲಿಮಿಟೆಡ್. ಉಲ್ಟಾ ಆದ್ರೆ ಇನ್ನೂ ಕಷ್ಟ, ಕಪ್ಪು ಕೂದಲು, ಕಪ್ಪು ಸೀರೆ, ಹಿಂದಿನ ಗೋಡೆ ಎಲ್ಲ ಒಂದೇ ಮುದ್ದೆ. ಹೀರೋಯಿನ್ ಜಡೆಯ ಎಳೆ ಎಳೆ ಕಾಣೋವರೆಗೂ ಬ್ರೈಟ್‌ನೆಸ್ ತಿರುಗಿಸಿ, ಅಲ್ಲಿಂದ ಒಂದು ಚೂರು ಇಳಿಸಿ. ಅಷ್ಟೇ.

ಚಿಂತಾಮಣಿ ಟೊಮೇಟೊ
ಇಷ್ಟೆಲ್ಲ ಯಾಕೆ, ಬಣ್ಣ ಹಾಕಿರೋ ಪ್ರತಿ ಹಾಕಿ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣದಲ್ಲಿ ಬಂತು, 1971ರ 'ಕಸ್ತೂರಿ ನಿವಾಸ' 2014ರಲ್ಲಿ. ಜನ ಥಿಯೇಟರಿಗೆ ಹೋಗಿ ನೋಡಿದ್ರು. ನಮ್ಮ ಕಡೆ ತೆಲುಗು ನೋಡೋರೂ 'ಮಾಯಾಬಜಾರ್' ಬಣ್ಣದ್ದೇ ಕೇಳ್ತಾರೆ.

ಅಂತರಗಂಗೆ ಮೆಟ್ಟಿಲು
ಕೋಲಾರದ ಕಡೆ ತೆಲುಗು ಚಿತ್ರ ನೋಡೋದು ತಪ್ಪಲ್ಲ, ಬಣ್ಣದ ಮಾತು ಒಪ್ಪಲ್ಲ. ಕಪ್ಪು-ಬಿಳುಪಲ್ಲಿ ಕ್ಯಾಮೆರಾಮನ್ ಹಿಂದಿನಿಂದ ದೀಪ ಹಾಕಿ ಕೂದಲ ಅಂಚಿಗೆ ಬೆಳ್ಳಿ ಗೆರೆ ಎಳೀತಿದ್ದ. ಯಾಕೆ? ಬಣ್ಣ ಇಲ್ಲದಾಗ ಮುಖಾನೂ ಗೋಡೇನೂ ಬೇರೆ ಮಾಡೋಕೆ ಬೆಳಕೊಂದೇ ದಾರಿ. ಸೀರೆ ಬಣ್ಣ ಆರಿಸ್ತಿದ್ದದ್ದೂ ಬೂದಿಯ ಯಾವ ಮೆಟ್ಟಿಲಿಗೆ ಕೂರುತ್ತೆ ಅಂತ ನೋಡಿ. ಅದರ ಮೇಲೆ ಬಣ್ಣ ಬಳಿದ್ರೆ ಆ ಗೆರೆ ಮುಚ್ಚಿಹೋಗಿ ಕ್ಯಾಲೆಂಡರ್ ಚಿತ್ರ ಆಗುತ್ತೆ.

ಚಿಂತಾಮಣಿ ಟೊಮೇಟೊ
ಕ್ಯಾಲೆಂಡರ್ ಚಿತ್ರಕ್ಕೆ ಜನ ಕೈ ಮುಗೀತಾರೆ ಸಾರ್. ನಿಮ್ಮ ಬೆಳ್ಳಿ ಗೆರೆ ನೋಡೋಕೆ ಹಾಲಲ್ಲಿ ಜನ ಇರಬೇಕಲ್ಲ!

ಮಧುಗಿರಿ ಏಕಶಿಲೆ
ಒಂದು ವಿಷಯ: ಬಣ್ಣದ ಪ್ರತಿ ತಂದು ಕಲರ್ ಸೊನ್ನೆ ಮಾಡಿದ್ರೆ ಹಳೇದು ಬರುತ್ತೆ ಅನ್ಕೋಬೇಡಿ. ಬಣ್ಣ ಹಾಕುವಾಗ ಬೆಳಕು ನೆರಳೂ ತಿದ್ದಿರ್ತಾರೆ. ಸಿಗೋದು ಮಬ್ಬು ಬೂದಿ.

ಕೈದಾಳ ಕಲ್ಲು
ಬಣ್ಣದ ಮಾತು ಬಂದಿದ್ದಕ್ಕೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ', ಬಿ.ಎಸ್. ರಂಗಾ ಅವರದು, ಈಸ್ಟ್‌ಮನ್ ಕಲರ್. ಐತಿಹ್ಯದ ಜಕಣಾಚಾರಿಗೆ ಕೈ ವಾಪಸ್ ಬಂದ ಊರು ಅಂತ ಹೇಳೋದು ಇಲ್ಲೇ ಗೂಳೂರು ಪಕ್ಕದ ಕೈದಾಳ. ತುಮಕೂರಲ್ಲಿ ತೋರಿಸೋಕೆ ಇದಕ್ಕಿಂತ ಇನ್ನೇನು ಬೇಕು? ಆದ್ರೆ ಆ ಕಾಲದ ಈಸ್ಟ್‌ಮನ್ ಪ್ರಿಂಟುಗಳದ್ದು ಒಂದು ರೋಗ. ಮೂರು ಬಣ್ಣದ ಪದರದಲ್ಲಿ ನೀಲಿಹಸಿರು ಮೊದಲು ಮಾಸುತ್ತೆ, ಗುಲಾಬಿ ಉಳಿಯುತ್ತೆ. ಬಿಸಿಲು, ಸೆಕೆ ತಿಂದ ಪ್ರಿಂಟಲ್ಲಿ ಆಕಾಶದಿಂದ ಕಲ್ಲಿನವರೆಗೂ ಎಲ್ಲ ಬೀಟ್‌ರೂಟ್ ಪಲ್ಯ.

ಅಂಥ ಪ್ರತಿ ಸಿಕ್ಕಿದ್ರೆ ಪ್ರೊಜೆಕ್ಟರ್ ಮೆನುವಲ್ಲಿ ಕೆಂಪಿನ ಗೇನ್ ಎರಡೆರಡೇ ಇಳಿಸಿ. ಕಣ್ಣು ಬಿಳಿ ಪಂಚೆ ಮೇಲೋ ಹಣೆಯ ವಿಭೂತಿ ಮೇಲೋ ಇರಲಿ. ಅದು ಬಿಳಿ ಆದ ಕೂಡಲೇ ಕೈ ತೆಗೀರಿ. ಚರ್ಮದ ಬಣ್ಣ ನೋಡಿ ತಿದ್ದೋಕೆ ಹೋದ್ರೆ ಎಲ್ಲರಿಗೂ ಕಾಮಾಲೆ. ನೆರಳಲ್ಲಿ ಕೆಂಪು ಉಳಿದೇ ಉಳಿಯುತ್ತೆ, ಹೋದ ಬಣ್ಣ ಹೋಯ್ತು.

ಬೈಪಾಸ್ ಬಸ್ಯ
ಕಾಮಾಲೆ ಹೀರೋಗೆ ನೆಲನೆಲ್ಲಿ ಕಷಾಯ ಕೊಡಿ.

ಶ್ರುತಿಪೆಟ್ಟಿಗೆ
ಬ್ಲೂಟೂತ್ ಬಗ್ಗೆ ಯಾರೂ ಹೇಳಲಿಲ್ಲ. ತುಟಿ ಮೊದಲು, ಮಾತು ಆಮೇಲೆ ಅಂದ್ರೆ ಅದೇ ಕಳ್ಳ. ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಸಾಮಾನ್ಯ. ನೂರು ರೂಪಾಯಿ ಆಸುಪಾಸಿನ 3.5 ಎಂಎಂ ವೈರ್ ಹಾಕಿ, ಮುಗೀತು. ವೈರ್ ಇಲ್ಲವೇ ಇಲ್ಲ ಅಂದ್ರೆ ವಿಂಡೋಸ್ ವಿಎಲ್‌ಸಿಯಲ್ಲಿ ಜೆ ಕೀ, ಒಂದು ಒತ್ತಿಗೆ ದನಿ 50 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತೆ. ನಾಲ್ಕು ಒತ್ತಿ, ಬಾಗಿಲು ತಟ್ಟೋ ಸೀನಲ್ಲಿ ನೋಡಿ. ಜಾಸ್ತಿ ಆದ್ರೆ ಕೆ.

ಆಗಿನ ದನಿ ಒಂದೇ ದಾರೀದು, ಮಾನೋ. ಎರಡು ಮೂಲೆಗೆ ಎರಡು ಸ್ಪೀಕರ್ ಇಡಬೇಡಿ, ಒಂದನ್ನೇ ಪರದೆ ಕೆಳಗೆ ನಡುವಲ್ಲಿ ಇಡಿ, ಸ್ಟೂಲ್ ಮೇಲೆ. ಈಕ್ವಲೈಸರಲ್ಲಿ 8 ಕಿಲೋಹರ್ಟ್ಸ್‌ನಿಂದ ಮೇಲೆ ಇಳಿಸಿ, ಅಲ್ಲಿ ಮಾತು ಇಲ್ಲ, ಬರೀ ಸುಯ್ ಅನ್ನೋ ಸದ್ದು. 80 ಹರ್ಟ್ಸ್‌ನಿಂದ ಕೆಳಗೂ ಇಳಿಸಿ, ಗುಂಯ್ ಹೋಗುತ್ತೆ. 2ರಿಂದ 4 ಕಿಲೋಹರ್ಟ್ಸ್ ಮಾತ್ರ ಮುಟ್ಟಬೇಡಿ. ಕ, ತ, ಚ, ಪ ಎಲ್ಲ ಸ್ಪಷ್ಟ ಆಗೋದು ಅಲ್ಲೇ. ಅದನ್ನ ಇಳಿಸಿ "ಡೈಲಾಗ್ ಕೇಳಿಸಲ್ಲ" ಅಂತ ವಾಲ್ಯೂಮ್ ಏರಿಸೋರೇ ಜಾಸ್ತಿ. ಆಗಲೇ ಕಿರಚಿದಂಗೆ ಆಗೋದು.

ಗುಬ್ಬಿ ಪರದೆ
ಕಿರಚೋದಕ್ಕೆ ಅಷ್ಟೇ ಕಾರಣ ಅಲ್ಲ. 1954ರ 'ಬೇಡರ ಕಣ್ಣಪ್ಪ' ತಗೊಳ್ಳಿ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಮೂವರೂ ನಮ್ಮ ಗುಬ್ಬಿ ವೀರಣ್ಣನವರ ಕಂಪನಿ ನೆರಳಲ್ಲಿ ಬೆಳೆದೋರು. ನಾಟಕದಲ್ಲಿ ಹಿಂದಿನ ಸಾಲಿನ ನೆಲದ ಮೇಲೆ ಕೂತೋನಿಗೂ ಪದ ಪದ ಮುಟ್ಟಬೇಕು. ಅದಕ್ಕೆ ಸ್ವರ ಎಳೀತಾರೆ, ಕೈ ಭುಜದಿಂದ ಆಡ್ತಾರೆ, ಪೂರ್ತಿ ದೇಹ ಪ್ರೇಕ್ಷಕರ ಕಡೆ ತಿರುಗಿಸಿ ನಿಲ್ತಾರೆ. ಕ್ಯಾಮೆರಾನೂ ದೂರದಲ್ಲೇ ನಿಂತು ಇಡೀ ಆಳು ಹಿಡಿಯುತ್ತೆ. ಮೊಬೈಲಲ್ಲಿ ನೋಡಿದ್ರೆ ಅತಿ ಅನ್ಸುತ್ತೆ. ಆಳೆತ್ತರದ ಪರದೇಲಿ ನೋಡಿದ್ರೆ ಅಳತೆ ಸರಿಹೋಗುತ್ತೆ.

ಹಾಸ್ಯಾನೂ ಅಷ್ಟೇ. ನರಸಿಂಹರಾಜು ಒಂದು ಮಾತು ಹಾರಿಸಿ ಸುಮ್ಮನೆ ಕಣ್ಣು ಬಿಟ್ಕೊಂಡು ನಿಲ್ತಾರಲ್ಲ, ಅದು ನಿಧಾನ ಅಲ್ಲ, ಥಿಯೇಟರ್ ನಗೋಕೆ ಬಿಟ್ಟ ಜಾಗ. ಒಬ್ಬರೇ ಕೂತು ನೋಡಿದ್ರೆ ಆ ಜಾಗ ಖಾಲಿ ಹೊಡೆಯುತ್ತೆ. ಐವತ್ತು ಜನ ಒಟ್ಟಿಗೆ ಕೂತಿದ್ರೆ ಸರಿಯಾಗಿ ತುಂಬುತ್ತೆ. ಹಾಗಾಗಿ ಕುರ್ಚಿ ದೂರ ದೂರ ಹಾಕಬೇಡಿ.

ಕ್ಯಾತ್ಸಂದ್ರ ತಟ್ಟೆ
ನರಸಿಂಹರಾಜು ತಿಪಟೂರಿನೋರು, ಗುಬ್ಬಿಯೋರಲ್ಲ.

ಗುಬ್ಬಿ ಪರದೆ
ತಿಪಟೂರಿನೋರೇ, ಟಿ.ಆರ್. ನಲ್ಲಿ 'ಟಿ' ಅಂದ್ರೆ ಅದೇ. ಕಂಪನಿ ಗುಬ್ಬಿದು ಅಂದೆ. ಎರಡೂ ನಮ್ಮ ಜಿಲ್ಲೆನೇ, ಇಡ್ಲಿ ತಿನ್ನಿ ಸುಮ್ನೆ.

ಬೈಪಾಸ್ ಬಸ್ಯ
ಎಲ್ಲ ಸರಿ, ಮೊಟ್ಟಮೊದಲ ಟಾಕಿ 'ಸತಿ ಸುಲೋಚನಾ' ಹಾಕಿ ಹಂಗಾದ್ರೆ. 1934ರದ್ದು.

ರೀಲು ಡಬ್ಬಿ
ಅದರ ಪ್ರಿಂಟೇ ಉಳಿದಿಲ್ಲ. ಆಗಿನ ಫಿಲ್ಮ್ ನೈಟ್ರೇಟ್, ಬೆಂಕಿ ತಗುಲಿದ್ರೆ ನೀರಲ್ಲೂ ಆರಲ್ಲ, ಇಟ್ಟಲ್ಲೇ ಕೊಳೆತು ಜೇನಿನ ಥರ ಅಂಟಾಗುತ್ತೆ. ಜೊತೆಗೆ ಫಿಲ್ಮಲ್ಲಿ ಬೆಳ್ಳಿ ಇರುತ್ತೆ, ಅದಕ್ಕಾಗಿ ಕರಗಿಸಿದ ರೀಲುಗಳೂ ದಂಡಿ.

ನಂದಿ ತಪ್ಪಲು
ಪರದೆ ಲೆಕ್ಕ ಬಾಕಿ ಇತ್ತು. 8 ಅಡಿ ಶೀಟ್ ಪೂರ್ತಿ ತುಂಬಲಿ ಅಂತ ಪ್ರೊಜೆಕ್ಟರ್ ಹಿಂದೆ ಸರಿಸೋ ಆಸೆ ಬರುತ್ತೆ, ಬೇಡ. 16:9 ಯಂತ್ರದಲ್ಲಿ 4:3 ಹಾಕಿದ್ರೆ 500ರಲ್ಲಿ 375 ಲುಮೆನ್ ಮಾತ್ರ ಚಿತ್ರಕ್ಕೆ, ಉಳಿದದ್ದು ಪಕ್ಕದ ಕಪ್ಪಿಗೆ. 8 ಅಡಿಗೆ 6 ಅಡಿ ಮಾಡಿದ್ರೆ 48 ಚದರಡಿ, ಒಂದು ಚದರಡಿಗೆ 8 ಲುಮೆನ್ ಕೂಡ ಇಲ್ಲ. 6 ಅಡಿಗೆ ನಾಲ್ಕೂವರೆ ಮಾಡಿ, 27 ಚದರಡಿಗೆ 14 ಹತ್ತಿರ ಬರುತ್ತೆ. ಡಿಜಿಟಲ್ ಥಿಯೇಟರಿಗೆ ಇಟ್ಟಿರೋ ಗುರಿಯೂ 14 ಫುಟ್-ಲ್ಯಾಂಬರ್ಟೇ (ಪರದೆಯ ಬೆಳಕಿನ ಅಳತೆ, ಬಿಳಿ ಪರದೇಲಿ ಹೆಚ್ಚುಕಮ್ಮಿ ಇದೇ ಚದರಡಿ ಲೆಕ್ಕ).

ದೂರ ಅಳೆಯುವಾಗ ಎಡವೋದು ಇಲ್ಲಿ: ಥ್ರೋ ರೇಷಿಯೋ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಅನ್ನೋ ಲೆಕ್ಕ) 1.2 ಅಂತಿದ್ರೆ 6 ಅಡಿಗೆ ಗುಣಿಸಬೇಡಿ. ಕಪ್ಪು ಪಟ್ಟಿ ಸೇರಿ ಪೂರ್ತಿ ಅಗಲ 8 ಅಡಿ, ಆದ್ದರಿಂದ 9.6 ಅಡಿ ದೂರ. ಟೇಬಲ್ ಎತ್ತರಿಸಿ ನೇರ ಮಾಡಿ, ಓರೆ ಚಿತ್ರ ನೇರ ಮಾಡೋ ಕೀಸ್ಟೋನ್ ಬಟನ್ ಮುಟ್ಟಬೇಡಿ, ಅದು ಇರೋ ಚೂರು ಸ್ಪಷ್ಟತೆಯನ್ನೂ ತಿನ್ನುತ್ತೆ. ಬೆಡ್‌ಶೀಟ್ ಒಂದೇ ಪದರ ಆದ್ರೆ ಬೆಳಕು ಹಿಂದಕ್ಕೆ ಸೋರುತ್ತೆ. ಹಿಂದೆ ಇನ್ನೊಂದು ಬಿಳಿ ಬಟ್ಟೆ ಸೇರಿಸಿ ಕೆಳ ಅಂಚಿಗೆ ಪೈಪ್ ತೂರಿಸಿ ಬಿಗಿಯಿರಿ. ಫ್ಲೆಕ್ಸ್ ಬೇಡ, ಮಿಂಚುತ್ತೆ. ಉಳಿದ ಎರಡು ಪಕ್ಕಕ್ಕೆ ಒಂದೊಂದು ಅಡಿ ಕಪ್ಪು ಬಟ್ಟೆ ಇಳಿಬಿಡಿ. ಈ ಒಂದು ಕೆಲಸಕ್ಕೇ ಚಿತ್ರ ಎದ್ದು ನಿಲ್ಲುತ್ತೆ.

ಶೆಟ್ಟಿಹಳ್ಳಿ ಗೇಟ್
ಎಲ್ಲ ಬರ್ಕೊಂಡೆ. ಮೊದಲ ಶನಿವಾರ ಪುಟ್ಟಣ್ಣ ಅವರ 'ಬೆಳ್ಳಿ ಮೋಡ' ಹಾಕೋಣ ಅಂತ ಹೆಂಗಸರ ಕಡೆಯಿಂದ ಬಂದಿದೆ. ಪೌರಾಣಿಕಕ್ಕಿಂತ ಹುಡುಗರೂ ಕೂರ್ತಾರೆ.

ಮಧುಗಿರಿ ಏಕಶಿಲೆ
ಆಯ್ಕೆ ಚೆನ್ನಾಗಿದೆ, ಹಕ್ಕು ನೋಡ್ಕೊಳ್ಳಿ. ಸಾರ್ವಜನಿಕವಾಗಿ ತೋರಿಸೋಕೆ ಹಕ್ಕುದಾರರ ಒಪ್ಪಿಗೆ ಬೇಕು, ಟಿಕೆಟ್ ಇಡಲಿ ಬಿಡಲಿ. ಚಲನಚಿತ್ರದ ಹಕ್ಕು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. 'ಬೆಳ್ಳಿ ಮೋಡ' 1967, ಅಂದ್ರೆ 2027ರ ಡಿಸೆಂಬರ್ ಕೊನೆವರೆಗೂ ಇದೆ. 'ಬೇಡರ ಕಣ್ಣಪ್ಪ'ದ್ದು 2014ಕ್ಕೆ, 'ಜಕಣಾಚಾರಿ'ದು 2024ಕ್ಕೆ ಮುಗೀತು. ಕಥೆ, ಹಾಡಿನ ಸಾಹಿತ್ಯದ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೆ 60. ಹಾಗಾಗಿ ಯಾವುದಕ್ಕೂ ಒಂದು ಸಲ ತಿಳಿದವರನ್ನ ಕೇಳಿ.

ಕೈದಾಳ ಕಲ್ಲು
ನಾನು ಅವತ್ತಿಂದ ಜಕಣಾಚಾರಿ ಜಕಣಾಚಾರಿ ಅಂತಿದ್ದೀನಿ.

ಚಿಂತಾಮಣಿ ಟೊಮೇಟೊ
ಅದು ಬಣ್ಣದ್ದು. ಗೆದ್ದೆ.

ಅಂತರಗಂಗೆ ಮೆಟ್ಟಿಲು
ಬಣ್ಣದಲ್ಲೇ ತೆಗೆದದ್ದು ಬೇರೆ, ಬಳಿದದ್ದು ಬೇರೆ ಸ್ವಾಮಿ!

ಶೆಟ್ಟಿಹಳ್ಳಿ ಗೇಟ್
ಆಯ್ತು, ಜಕಣಾಚಾರಿನೇ. ಪ್ರತಿ ಸಿಕ್ಕಿದ ತಕ್ಷಣ ಉದ್ದ ಭಾಗಿಸಿ ಹಾಕ್ತೀನಿ, ರೀಲು ಡಬ್ಬಿಯವರೇ ನೋಡಿ. 3.5 ವೈರು ಎಷ್ಟು ಮೀಟರ್ ತಗೊಳ್ಳಲಿ?

ಶ್ರುತಿಪೆಟ್ಟಿಗೆ
ಪ್ರೊಜೆಕ್ಟರ್‌ನಿಂದ ಪರದೆಗೆ 9.6 ಅಡಿ, ಟೇಬಲ್ ಇಳಿದು ಗೋಡೆ ಪಕ್ಕ ಸುತ್ತಿ ಬರಬೇಕು. 5 ಮೀಟರ್ ತಗೊಳ್ಳಿ. ಕರೆಂಟ್ ವೈರ್ ಜೊತೆ ಕಟ್ಟಬೇಡಿ, ಗುಂಯ್ ಮತ್ತೆ ಬರುತ್ತೆ.

ಕ್ಯಾತ್ಸಂದ್ರ ತಟ್ಟೆ
ಇಂಟರ್‌ವಲ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.